ಕೇಸ್ ಸ್ಟಡಿ ಮಾಡುವುದು ಹೇಗೆ, ಮಾಹಿತಿ ಸಾಕು ಅಂತ ಹೇಳುವುದು ಯಾವಾಗ

ವೈವಾದಲ್ಲಿ, ಅಂದರೆ ಪ್ರಬಂಧದ ಮೌಖಿಕ ಪರೀಕ್ಷೆಯಲ್ಲಿ, ಈ ಪ್ರಶ್ನೆ ಬರದೇ ಇರುವುದಿಲ್ಲ. "ಬರೀ ಹದಿನಾಲ್ಕು ಜನರನ್ನು ಮಾತಾಡಿಸಿದ್ದೀರಲ್ಲ, ಇದು ಸಾಕಾ?" ವಿದ್ಯಾರ್ಥಿ ಗೈಡ್ ಮುಖ ನೋಡುತ್ತಾರೆ. ಗೈಡ್ ಫ್ಯಾನ್ ನೋಡುತ್ತಾರೆ. ಆಮೇಲೆ ಮೆಲ್ಲಗೆ ಉತ್ತರ ಬರುತ್ತದೆ: "ಹನ್ನೆರಡು ಸಾಕು ಅಂತ ಒಂದು ಪೇಪರ್‌ನಲ್ಲಿ ಇದೆ ಸರ್."

ಆ ಪೇಪರ್‌ನಲ್ಲಿ ನಿಜವಾಗಿ ಏನಿದೆ ಅನ್ನುವುದಕ್ಕೆ ಆಮೇಲೆ ಬರೋಣ. ಕೇಸ್ ಸ್ಟಡಿ ಅಂದರೆ ಒಂದು ಊರನ್ನೋ, ಸಂಘವನ್ನೋ, ಕೆಲವು ಮನೆಗಳನ್ನೋ ಗಡಿ ಹಾಕಿಕೊಂಡು ಆಳವಾಗಿ ನೋಡುವ ಅಧ್ಯಯನ. ಹಾಗೆ ಆರಿಸಿಕೊಂಡದ್ದೇ ಕೇಸ್. ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. "ಸಾಕು" ಅನ್ನುವುದು ಕೊನೆಯಲ್ಲಿ ತಲೆ ಎಣಿಸಿ ಹೇಳುವ ಮಾತಲ್ಲ. ಪ್ರಶ್ನೆ ಏನು, ಕೇಸಿನ ಗಡಿ ಎಲ್ಲಿ ಅಂತ ಬರೆದ ದಿನವೇ ಅರ್ಧ ತೀರ್ಮಾನ ಆಗಿರುತ್ತದೆ. ಉಳಿದರ್ಧ ನಿಂತಿರುವುದು ಇನ್ನೊಂದರ ಮೇಲೆ: ನೀವು ಕಂಡುಕೊಂಡದ್ದು ತಪ್ಪು ಅಂತ ತೋರಿಸಬಲ್ಲವರನ್ನು ನೀವೇ ಹುಡುಕಿಕೊಂಡು ಹೋದಿರಾ, ಇಲ್ಲವಾ? ಹಾಗಾಗಿ ಕೊನೆಯ ಭಾಗಕ್ಕೆ ನೇರವಾಗಿ ಹಾರಬೇಡಿ.

ಉದಾಹರಣೆಗೆ ಒಂದು ಹಳ್ಳಿಯ ಹಾಲಿನ ಡೇರಿ ಇಟ್ಟುಕೊಳ್ಳೋಣ. ಬೋರ್ಡಿನಲ್ಲಿ ಹಾಲು ಉತ್ಪಾದಕರ ಸಹಕಾರ ಸಂಘ ಅಂತಿರುತ್ತದೆ, ಊರಿನವರ ಬಾಯಲ್ಲಿ ಅದು ಡೇರಿ ಅಷ್ಟೇ.

## ಹೆಜ್ಜೆ 1: ಇದು ಕೇಸ್ ಸ್ಟಡಿಯ ಪ್ರಶ್ನೆಯೇ?

"ಊರಲ್ಲಿ ಎಷ್ಟು ಮನೆಯವರು ಡೇರಿಗೆ ಹಾಲು ಹಾಕುವುದು ಬಿಟ್ಟಿದ್ದಾರೆ?" ಇದಕ್ಕೆ ರಿಜಿಸ್ಟರ್ ತೆರೆದು ನೋಡಿದರೆ ಮುಗಿಯಿತು.

"ಕೊಟ್ಟಿಗೆಯಲ್ಲಿ ಹಸು ಇದೆ, ಷೇರು ಕಟ್ಟಿ ಸದಸ್ಯರೂ ಆಗಿದ್ದಾರೆ, ಆದರೂ ಕೆಲವು ಮನೆಯವರು ಡೇರಿ ಬಿಟ್ಟು ಖಾಸಗಿಯವರಿಗೆ ಹಾಲು ಹಾಕುವುದು ಯಾಕೆ? ಆ ತೀರ್ಮಾನ ಮನೆಯೊಳಗೆ ಹೇಗೆ ಆಗುತ್ತದೆ?" ಇದು ಕೇಸ್ ಸ್ಟಡಿಯ ಪ್ರಶ್ನೆ. ಕೇಸ್ ಸ್ಟಡಿ ವಿಧಾನದ ಬಗ್ಗೆ ಪುಸ್ತಕ ಬರೆದ ರಾಬರ್ಟ್ ಯಿನ್ 1984ರಲ್ಲೇ ಇದಕ್ಕೆ ಗುರುತು ಕೊಟ್ಟಿದ್ದಾರೆ. ಹೇಗೆ, ಯಾಕೆ ಅಂತ ಕೇಳುತ್ತಿರಬೇಕು. ನಡೆಯುತ್ತಿರುವುದು ಈ ಕಾಲದ್ದಾಗಿರಬೇಕು. ಅದನ್ನು ಪ್ರಯೋಗಶಾಲೆಯ ಹಾಗೆ ನಿಮ್ಮ ಹಿಡಿತಕ್ಕೆ ತರಲು ಆಗದಂತಿರಬೇಕು.

ದೊಡ್ಡ ಪ್ರಶ್ನೆಯನ್ನು ನಾಲ್ಕೈದು ಸಣ್ಣ ಪ್ರಶ್ನೆಗಳಾಗಿ ಒಡೆಯಿರಿ. ಡೇರಿ ಬಿಡುವ ಮಾತು ಮನೆಯಲ್ಲಿ ಮೊದಲು ಎತ್ತಿದ್ದು ಯಾರು? ಬಿಡುವ ಮುಂಚಿನ ದಿನಗಳಲ್ಲಿ ಡೇರಿಯಲ್ಲಿ ಏನು ನಡೆದಿತ್ತು? ಖಾಸಗಿಯವರು ಮುಂಗಡ ಕೊಟ್ಟಿದ್ದರಾ? ಬಿಟ್ಟು ಹೋಗಿ ಮತ್ತೆ ಬಂದವರು ಯಾಕೆ ಬಂದರು? ಈ ನಾಲ್ಕನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದಿಡಿ. ಮಾಹಿತಿ ಸಾಕಾ ಅಂತ ತೂಗುವಾಗ ಇದೇ ಪುಟಕ್ಕೆ ವಾಪಸ್ ಬರುತ್ತೀರಿ.

## ಹೆಜ್ಜೆ 2: ಗಡಿ ಹಾಕಿ

ಹೆಚ್ಚಿನ ಪ್ರಬಂಧಗಳು ಸೋಲುವುದು ಇಲ್ಲೇ. "ನಿಮ್ಮ ಕೇಸ್ ಯಾವುದು?" ಅಂತ ಕೇಳಿದರೆ "ಗ್ರಾಮೀಣ ಮಹಿಳೆಯರು" ಅನ್ನುತ್ತಾರೆ. ಅದು ಕೇಸ್ ಅಲ್ಲ, ಅರ್ಧ ದೇಶ.

ನಮ್ಮ ಕೇಸ್ ಯಾವುದು? ಊರಾ, ಸಂಘವಾ, ಡೇರಿ ಬಿಟ್ಟ ಮನೆಗಳಾ? ಮೂರೂ ಬೇರೆ ಬೇರೆ ಅಧ್ಯಯನಗಳು. ಸಂಘವೇ ಕೇಸ್ ಆದರೆ ನಿರ್ದೇಶಕರನ್ನು, ಸೆಕ್ರೆಟರಿಯನ್ನು, ಹಾಲು ಪರೀಕ್ಷೆ ಮಾಡುವವರನ್ನು ಬಿಡುವ ಹಾಗಿಲ್ಲ. ಬಿಟ್ಟ ಮನೆಗಳು ಕೇಸ್ ಆದರೆ ಒಂದು ಮನೆಯಲ್ಲಿ ಅತ್ತೆ, ಸೊಸೆ, ಗಂಡ ಮೂವರ ಮಾತೂ ಬೇಕು. ಕಾಲಕ್ಕೂ ಗಡಿ ಬೇಕು. "ಕಳೆದ ಎರಡು ವರ್ಷದಲ್ಲಿ ಬಿಟ್ಟವರು" ಅಂದರೆ ನೆನಪು ಇನ್ನೂ ಹಸಿಯಾಗಿರುತ್ತದೆ.

ಒಂದೇ ಕೇಸ್ ಸಾಕಾ, ಎರಡು ಬೇಕಾ? ಇದಕ್ಕೆ ನಮ್ಮ ಮಂಡ್ಯದ ಉದಾಹರಣೆಯೇ ಇದೆ. ಮಾನವಶಾಸ್ತ್ರಜ್ಞೆ ಸ್ಕಾರ್ಲೆಟ್ ಎಪ್‌ಸ್ಟೈನ್ 1954ರಿಂದ 1956ರವರೆಗೆ ಅಲ್ಲಿನ ಎರಡು ಹಳ್ಳಿಗಳಲ್ಲಿ ಕೆಲಸ ಮಾಡಿದರು. ವಂಗಲ, ದಲೇನ ಅಂತ ಅವುಗಳಿಗೆ ಬದಲಿ ಹೆಸರಿಟ್ಟರು. ಒಂದಕ್ಕೆ ನಾಲೆ ನೀರು ಬಂದಿತ್ತು, ಇನ್ನೊಂದಕ್ಕೆ ಬಂದಿರಲಿಲ್ಲ. ನೀರು ಬಂದ ಊರಲ್ಲಿ ಬದಲಾವಣೆ ಜಾಸ್ತಿ ಆಗಿರಬೇಕು ಅಂತ ಯಾರಿಗಾದರೂ ಅನ್ನಿಸುತ್ತದೆ, ಅಲ್ವಾ? ಅವರು ಕಂಡದ್ದು ಬೇರೆ. ವಂಗಲದವರು ಕಬ್ಬು ಬೆಳೆದು ಕೈಯಲ್ಲಿ ದುಡ್ಡು ನೋಡಿದರು, ಊರಿನ ಹಳೆಯ ಕಟ್ಟುಪಾಡು ಬಹುಪಾಲು ಹಾಗೇ ಉಳಿಯಿತು. ದಲೇನದವರಿಗೆ ಸ್ವಂತ ಹೊಲಕ್ಕೆ ನೀರಿಲ್ಲ. ಕೆಲಸ, ವ್ಯಾಪಾರ ಅಂತ ಊರಾಚೆ ಹೋದರು. ಹಳೆಯ ಸಂಬಂಧಗಳು ಸಡಿಲಗೊಂಡದ್ದು ಅಲ್ಲೇ ಜಾಸ್ತಿ. ಎರಡು ಊರು ಬೇಕಾದದ್ದು ಸಂಖ್ಯೆ ದೊಡ್ಡದಾಗಿ ಕಾಣಲಿ ಅಂತಲ್ಲ. ನೀರು ಅನ್ನುವ ಒಂದು ವ್ಯತ್ಯಾಸವನ್ನು ಪಕ್ಕಪಕ್ಕ ಇಟ್ಟು ನೋಡಲು. ನಿಮ್ಮ ಎರಡನೇ ಕೇಸ್ ಯಾವ ವ್ಯತ್ಯಾಸ ತೋರಿಸುತ್ತದೆ ಅಂತ ಒಂದು ವಾಕ್ಯದಲ್ಲಿ ಹೇಳಲು ಬರದಿದ್ದರೆ, ಒಂದೇ ಕೇಸನ್ನು ಆಳವಾಗಿ ಮಾಡಿ.

## ಹೆಜ್ಜೆ 3: ಒಪ್ಪಿಗೆ

ನಿಮ್ಮ ಸಂಸ್ಥೆಯ ನೈತಿಕ ಸಮಿತಿಯ ಒಪ್ಪಿಗೆ ಮೊದಲು, ಊರಿನವರ ಒಪ್ಪಿಗೆ ಆಮೇಲೆ. ಸಹಿ ಅಂದರೆ ಹಳ್ಳಿಯಲ್ಲಿ ಸಾಲದ ಕಾಗದ ನೆನಪಾಗುತ್ತದೆ. ಹೆದರುವವರಿಂದ ಸಹಿ ಬದಲು ಬಾಯಿ ಮಾತಿನ ಒಪ್ಪಿಗೆಯನ್ನೇ ರೆಕಾರ್ಡ್ ಮಾಡಿಕೊಳ್ಳಿ. ಸಮಿತಿಗೆ ಇದನ್ನು ಮುಂಚೆಯೇ ತಿಳಿಸಿರಬೇಕು. "ಮಧ್ಯದಲ್ಲಿ ಬೇಡ ಅನ್ನಿಸಿದರೆ ನಿಲ್ಲಿಸಬಹುದು" ಅಂತ ಹೇಳಿ, ಹೇಳಿದ ಹಾಗೆ ನಿಲ್ಲಿಸಿ.

## ಹೆಜ್ಜೆ 4: ಮಾತು ಒಂದೇ ಸಾಲದು

ಕೇಸ್ ಸ್ಟಡಿಗೂ ಬರೀ ಸಂದರ್ಶನಕ್ಕೂ ಇರುವ ವ್ಯತ್ಯಾಸವೇ ಇದು. ಕೇಳಬೇಕು, ನೋಡಬೇಕು, ಕಾಗದವನ್ನೂ ಓದಬೇಕು.

ಬೆಳಗ್ಗೆ ಆರಕ್ಕೆ ಡೇರಿ ಬಾಗಿಲಲ್ಲಿ ನಿಂತುಕೊಳ್ಳಿ. ಸಾಲಿನಲ್ಲಿ ಯಾರು ನಿಂತಿದ್ದಾರೆ? ಹೆಂಗಸರಾ, ಸ್ಕೂಲಿಗೆ ಹೋಗುವ ಮಕ್ಕಳಾ? ಹಾಲು ಅಳೆದ ಮೇಲೆ ಒಂದು ಚೂರು ಹಾಲು ಪರೀಕ್ಷೆಗೆ ಹೋಗುತ್ತದೆ. ಫ್ಯಾಟ್ ಎಷ್ಟು ಅಂತ ಬರುತ್ತದೆ. ಆ ಅಂಕಿಯನ್ನು ಗಟ್ಟಿಯಾಗಿ ಹೇಳುತ್ತಾರಾ, ಸುಮ್ನೆ ಬರೆದುಕೊಳ್ಳುತ್ತಾರಾ? ಕೇಳಿಸಿಕೊಂಡವರ ಮುಖ ಹೇಗಾಗುತ್ತದೆ? ಬಟವಾಡೆ ದಿನ ದುಡ್ಡು ಯಾರ ಖಾತೆಗೆ ಬೀಳುತ್ತದೆ? "ಡೇರಿ ವ್ಯವಹಾರ ಎಲ್ಲಾ ನಾನೇ ನೋಡ್ಕೊಳ್ಳೋದು" ಅಂತ ಒಬ್ಬರು ಹೇಳಿದ ಮೇಲೆ ಪಾಸ್‌ಬುಕ್ಕಿನಲ್ಲಿ ಗಂಡನ ಹೆಸರು ಕಂಡರೆ, ಅವರು ಸುಳ್ಳು ಹೇಳಿದರು ಅಂತ ಬರೆಯಬೇಡಿ. "ನೋಡ್ಕೊಳ್ಳೋದು" ಅಂದರೆ ಆ ಮನೆಯಲ್ಲಿ ಏನು ಅಂತ ಕೇಳಿ. ಮಾತಿಗೂ ಕಾಗದಕ್ಕೂ ತಾಳೆಯಾಗದ ಜಾಗವೇ ನಿಮ್ಮ ಅಧ್ಯಯನಕ್ಕೆ ಒಳ್ಳೆಯ ಜಾಗ.

## ಹೆಜ್ಜೆ 5: ಯಾರನ್ನು ಮಾತಾಡಿಸಬೇಕು, ಯಾರ ಜೊತೆ ಹೋಗಬಾರದು

ಇಲ್ಲಿ ಲಾಟರಿ ಎತ್ತಿದ ಹಾಗೆ ಆರಿಸುವುದಿಲ್ಲ. ಬೇಕಂತಲೇ ಆರಿಸುತ್ತೇವೆ. ಬಿಟ್ಟವರು, ಬಿಡದೇ ಉಳಿದವರು, ಬಿಟ್ಟು ವಾಪಸ್ ಬಂದವರು, ಸದಸ್ಯರೇ ಆಗದವರು. ಒಂದು ಹಸು ಇರುವವರು, ಐದು ಇರುವವರು. ಊರ ನಡುವಿನವರು, ಕೇರಿಯವರು.

ನಾನು ಮೊದಲ ಸಲ ಇಂಥ ಕೆಲಸಕ್ಕೆ ಹೋದಾಗ ಸೆಕ್ರೆಟರಿಯೇ ಜೊತೆಗೆ ಬಂದು ಮನೆ ತೋರಿಸಿದರು. ಪಾಪ, ಉಪಕಾರಕ್ಕೇ ಬಂದಿದ್ದು. ಒಂಬತ್ತು ಮನೆಗೆ ಹೋದೆವು. ಒಂಬತ್ತರಲ್ಲೂ ಒಂದೇ ಉತ್ತರ: "ಡೇರಿ ಚೆನ್ನಾಗೇ ನಡೀತೈತೆ, ನಮ್ಗೆ ಮೇವಿನ ಕಷ್ಟ ಅಷ್ಟೇಯ." ನನಗೆ ಖುಷಿಯೋ ಖುಷಿ. ಸ್ಯಾಚುರೇಶನ್ ಬಂತು, ಅಂದರೆ ಇನ್ನು ಹೊಸದೇನೂ ಸಿಗುವುದಿಲ್ಲ ಅಂತ ನೋಟ್‌ಬುಕ್ಕಿನಲ್ಲಿ ಬರೆದೂ ಬಿಟ್ಟೆ. ಮಾರನೇ ದಿನ ಒಬ್ಬಳೇ ಹೋಗಿ, ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಅಜ್ಜಿಯೊಬ್ಬರ ಪಕ್ಕ ಕೂತೆ. ನಾನೂ ಒಂದಷ್ಟು ಕಾಯಿ ಸುಲಿದೆ. ಅವರು ತಲೆ ಎತ್ತದೆ ಕೇಳಿದರು, "ನೀನು ನೆನ್ನೆ ಸೆಕ್ರೆಟ್ರಿ ಜೊತೇಲಿ ಬಂದೋಳಲ್ವಾ ಮಗ? ಅವನ ಮುಂದೆ ಏನ್ ಹೇಳಕ್ಕಾಯ್ತದೆ?"

ಒಂಬತ್ತು ಸಂದರ್ಶನ ಆಗಿತ್ತು ಅಂದುಕೊಂಡಿದ್ದೆ. ಆಗಿದ್ದು ಒಂದೇ, ಒಂಬತ್ತು ಸಲ. ಆದ್ದರಿಂದ ಯಾರ ಮೂಲಕ ಯಾರ ಮನೆಗೆ ಹೋದಿರಿ ಅನ್ನುವುದನ್ನು ಪ್ರತಿ ಸಂದರ್ಶನದ ತಲೆಯಲ್ಲೇ ಬರೆಯಿರಿ. ಕಡೇ ಪಕ್ಷ ಮೂರು ಬೇರೆ ದಾರಿಗಳಿಂದ ಊರೊಳಗೆ ಹೋಗಿ. ಡೇರಿ ಒಂದಾದರೆ ಸ್ತ್ರೀಶಕ್ತಿ ಸಂಘ ಇನ್ನೊಂದು, ಅಂಗನವಾಡಿ ಮತ್ತೊಂದು.

## ಹೆಜ್ಜೆ 6: ಕೇಳುವ ರೀತಿ, ಬರೆದುಕೊಳ್ಳುವ ಭಾಷೆ

"ಯಾಕೆ ಬಿಟ್ಟಿರಿ?" ಅಂತ ನೇರ ಕೇಳಿದರೆ ತಪ್ಪು ಹೊರಿಸಿದ ಹಾಗೆ ಕೇಳುತ್ತದೆ. "ಕೊನೇ ಸಲ ಡೇರಿಗೆ ಹಾಲು ಹಾಕಿದ ದಿನ ಏನೇನಾಯ್ತು, ಸ್ವಲ್ಪ ಹೇಳಿ" ಅಂತ ಕೇಳಿ. ಕಾರಣ ಕಥೆಯ ಒಳಗೇ ಬರುತ್ತದೆ.

ಒಂದು ಗಂಟೆಯ ಮಾತನ್ನು ಬರಹಕ್ಕೆ ಇಳಿಸಲು ನಾಲ್ಕೈದು ಗಂಟೆ ಬೇಕೇ ಬೇಕು. ಕೊಟ್ಟಿಗೆಯ ಗದ್ದಲ ಇದ್ದರೆ ಇನ್ನೂ ಜಾಸ್ತಿ. ಪ್ರಬಂಧ ಇಂಗ್ಲಿಷಿನಲ್ಲಿ ಬರೆಯಬೇಕಾದರೂ ಸಂದರ್ಶನವನ್ನು ಅವರಾಡಿದ ಕನ್ನಡದಲ್ಲೇ ಇಳಿಸಿ. "ಅಲ್ಲಿ ನಮ್ಗೆ ಮರ್ವಾದೆ ಇಲ್ಲ" ಅನ್ನುವ ಮಾತನ್ನು ಮೊದಲ ದಿನವೇ ಇಂಗ್ಲಿಷಿಗೆ ತಿರುಗಿಸಿದರೆ, ಆ ಒಂದು ಪದದಲ್ಲಿ ಜಾತಿ ಎಷ್ಟು, ದುಡ್ಡು ಎಷ್ಟು, ಹೆಣ್ಣು ಅನ್ನುವ ತಾತ್ಸಾರ ಎಷ್ಟು ಅಂತ ಬಿಡಿಸಿ ನೋಡುವ ಅವಕಾಶವೇ ಹೋಗುತ್ತದೆ.

ಟಿಪ್ಪಣಿಯನ್ನು ಆ ರಾತ್ರಿಯೇ ಬರೆಯಿರಿ, ಪ್ರತಿಗಳನ್ನು ಬೇರೆ ಬೇರೆ ಜಾಗದಲ್ಲಿ ಇಡಿ. ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ 1948ರಲ್ಲಿ ಮೈಸೂರು ಸೀಮೆಯ ಒಂದು ಹಳ್ಳಿಯಲ್ಲಿ ಕೂತು ಕ್ಷೇತ್ರಕಾರ್ಯ ಮಾಡಿದರು, ಆ ಊರಿಗೆ ರಾಂಪುರ ಅಂತ ಹೆಸರಿಟ್ಟರು. 1970ರಲ್ಲಿ ಅವರು ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿದ್ದಾಗ ಯಾರೋ ಹಚ್ಚಿದ ಬೆಂಕಿಯಲ್ಲಿ, ವರ್ಷಗಟ್ಟಲೆ ಕೂತು ಸಿದ್ಧಪಡಿಸಿದ್ದ ಟಿಪ್ಪಣಿಗಳು ಸುಟ್ಟುಹೋದವು. ಪ್ರತಿಗಳು ಮೂರಿದ್ದವು, ಮೂರೂ ಒಂದೇ ಕಡೆ ಇದ್ದವು. ಆಮೇಲೆ ಬಹುಪಾಲು ನೆನಪಿನ ಮೇಲೆಯೇ ಬರೆದ ಪುಸ್ತಕ 1976ರಲ್ಲಿ ಬಂತು, ಹೆಸರಾಯಿತು. ನಮ್ಮ ನಿಮ್ಮ ನೆನಪು ಅಷ್ಟು ಗಟ್ಟಿ ಇರುವುದಿಲ್ಲ. ಪೆನ್‌ಡ್ರೈವ್ ಒಂದು ಕಡೆ, ಪಾಸ್‌ವರ್ಡ್ ಹಾಕಿದ ಆನ್‌ಲೈನ್ ಪ್ರತಿ ಇನ್ನೊಂದು ಕಡೆ ಇರಲಿ.

## ಹೆಜ್ಜೆ 7: ಸಂಗ್ರಹಿಸುತ್ತಲೇ ವಿಶ್ಲೇಷಿಸಿ

"ಮೊದಲು ಎಲ್ಲಾ ಕಲೆಹಾಕ್ತೀನಿ, ಆಮೇಲೆ ಕೋಡಿಂಗ್" ಅನ್ನುವವರಿಗೆ ಮಾಹಿತಿ ಯಾವಾಗ ಸಾಕಾಯಿತು ಅಂತ ಗೊತ್ತಾಗುವ ದಾರಿಯೇ ಇಲ್ಲ. ಮೂರನೇ ಸಂದರ್ಶನದ ಹೊತ್ತಿಗೆ ಕೋಡ್ ಹಾಕಲು ಶುರು ಮಾಡಿ. ಕೋಡ್ ಅಂದರೆ ಮಾತಿನ ಒಂದು ತುಂಡಿಗೆ ಅಂಟಿಸುವ ಚೀಟಿ. ಅವರ ಮಾತನ್ನೇ ಚೀಟಿ ಮಾಡಿಕೊಂಡರೆ ಇನ್ನೂ ಒಳ್ಳೆಯದು: "ಫ್ಯಾಟ್ ಬರಲ್ಲ", "ಮುಂಗಡದ ಋಣ", "ಸಂಜೆ ಹಾಲು ಮನೆಗೆ ಬೇಕು".

ಜೊತೆಗೆ ಮೆಮೊ ಬರೆಯಿರಿ. ನಿಮಗೆ ನೀವೇ ಬರೆದುಕೊಳ್ಳುವ ಚೀಟಿ ಅದು, ವ್ಯಾಕರಣ ಬೇಕಿಲ್ಲ. ಹೀಗಿದ್ದರೆ ಸಾಕು: "ಇವತ್ತಿನವರೂ ಫ್ಯಾಟ್ ಬರಲ್ಲ ಅಂದರು. ಆದರೆ ಮಿಷನ್ ಬಗ್ಗೆ ದೂರಿಲ್ಲ. ನಕ್ಕು ಮಾತು ತಿರುಗಿಸಿದರು. ಫ್ಯಾಟ್ ಅನ್ನೋದು ನೆಪವಾ? ಚುನಾವಣೆಯಲ್ಲಿ ಯಾರ ಕಡೆ ಇದ್ದರು ಕೇಳಬೇಕು."

## ಹೆಜ್ಜೆ 8: ಸಾಕಾ?

ಈಗ ಆ ಹನ್ನೆರಡರ ಕಥೆ. ಗೆಸ್ಟ್, ಬನ್ಸ್, ಜಾನ್ಸನ್ ಅನ್ನುವ ಮೂವರು 2006ರಲ್ಲಿ ಪ್ರಕಟಿಸಿದ ಪೇಪರ್ ಅದು. ಘಾನಾ, ನೈಜೀರಿಯಾದ 60 ಹೆಣ್ಣುಮಕ್ಕಳ ಸಂದರ್ಶನಗಳನ್ನು ಮತ್ತೆ ತೆಗೆದು ನೋಡಿದರು. ಮೊದಲ 12ರಲ್ಲೇ ಬಹುಪಾಲು ಕೋಡ್‌ಗಳು ಬಂದಿದ್ದವು. ಆದರೆ ಅವರೆಲ್ಲ ಸುಮಾರಾಗಿ ಒಂದೇ ಥರದ ಹಿನ್ನೆಲೆಯವರು, ಎಲ್ಲರಿಗೂ ಕೇಳಿದ್ದು ಹೆಚ್ಚುಕಡಿಮೆ ಒಂದೇ ಪ್ರಶ್ನೆಗಳು, ವಿಷಯವೂ ಕಿರಿದು. ನಿಮ್ಮ ಊರಲ್ಲಿ ಐದು ಥರದ ಜನ ಇದ್ದರೆ ಆ 12 ನಿಮ್ಮ ಕೆಲಸಕ್ಕೆ ಬರುವುದಿಲ್ಲ.

ಸ್ಯಾಚುರೇಶನ್ ಅನ್ನುವ ಮಾತೂ ಕೇಸ್ ಸ್ಟಡಿಯಲ್ಲಿ ಹುಟ್ಟಿದ್ದಲ್ಲ. ಗ್ಲೇಸರ್, ಸ್ಟ್ರಾಸ್ 1967ರಲ್ಲಿ ಮಾಹಿತಿಯಿಂದಲೇ ಸಿದ್ಧಾಂತ ಕಟ್ಟುವ ತಮ್ಮ ವಿಧಾನಕ್ಕೆ ಬಳಸಿದ ಮಾತು ಅದು. ಜನ ಹೇಳಿದ್ದನ್ನೇ ಹೇಳುತ್ತಿದ್ದಾರೆ ಅನ್ನುವುದು ಅದರ ಅರ್ಥ ಆಗಿರಲಿಲ್ಲ. ಒಂದು ಪರಿಕಲ್ಪನೆಯ ಎಲ್ಲ ಮುಖಗಳೂ ತುಂಬಿ ಬಂದಿವೆ, ಹೊಸ ಮಾಹಿತಿ ಅದಕ್ಕೆ ಏನನ್ನೂ ಸೇರಿಸುತ್ತಿಲ್ಲ ಅನ್ನುವುದು ಅರ್ಥ.

ಈ ವ್ಯತ್ಯಾಸ ದೊಡ್ಡದು. 2017ರಲ್ಲಿ ಮೋನಿಕ್ ಹೆನ್ನಿಂಕ್ ಮತ್ತು ಜೊತೆಗಾರರು 25 ಸಂದರ್ಶನಗಳ ಒಂದು ಅಧ್ಯಯನವನ್ನು ಹೀಗೇ ಬಿಡಿಸಿ ನೋಡಿದರು. ಕೋಡ್‌ಗಳು ಒಂಬತ್ತಕ್ಕೆ ಮುಗಿದವು. ಅವುಗಳ ಅರ್ಥ ತುಂಬಿ ಬರಲು 16ರಿಂದ 24 ಬೇಕಾಯಿತು. ನಮ್ಮ ಡೇರಿಯಲ್ಲಿ "ಫ್ಯಾಟ್ ಬರಲ್ಲ" ಅನ್ನುವುದು ಮೊದಲ ಮನೆಯಲ್ಲೇ ಸಿಗುತ್ತದೆ. ಕೋಡ್ ಲೆಕ್ಕದಲ್ಲಿ ಅದು ಅಲ್ಲಿಗೆ ಮುಗಿಯಿತು. ಆದರೆ ಒಬ್ಬರಿಗೆ ಅದರ ಅರ್ಥ, ಎಚ್‌ಎಫ್ ಅನ್ನುವ ವಿದೇಶಿ ತಳಿಯ ಹಸು, ಹಾಲು ಜಾಸ್ತಿ ಫ್ಯಾಟ್ ಕಮ್ಮಿ. ಇನ್ನೊಬ್ಬರಿಗೆ, ಪರೀಕ್ಷೆ ಮಾಡುವವರ ಮೇಲೆ ಅನುಮಾನ. ಮತ್ತೊಬ್ಬರಿಗೆ, ನಿರ್ದೇಶಕರ ಜೊತೆಗಿನ ಜಗಳವನ್ನು ಬಾಯಿಬಿಟ್ಟು ಹೇಳಲಾರದ ಸಭ್ಯತೆ. ಇದೆಲ್ಲ ಮೊದಲ ಮನೆಯಲ್ಲಿ ಸಿಗುವುದಿಲ್ಲ.

ಸ್ಯಾಚುರೇಶನ್ ಪದವೇ ಬೇಡ ಅನ್ನುವವರೂ ಇದ್ದಾರೆ. ಕಿರ್ಸ್ಟಿ ಮಾಲ್ಟೆರುಡ್ ಮತ್ತು ಸಂಗಡಿಗರು 2016ರಲ್ಲಿ ಬೇರೆ ಅಳತೆಗೋಲು ಕೊಟ್ಟರು: ಪ್ರಶ್ನೆ ಎಷ್ಟು ಕಿರಿದು, ಮಾತಾಡಿದವರಿಗೆ ವಿಷಯ ಎಷ್ಟು ಹತ್ತಿರ, ಆಧಾರಕ್ಕೆ ಸಿದ್ಧಾಂತ ಇದೆಯಾ, ಮಾತುಕತೆ ಎಷ್ಟು ಗಟ್ಟಿ, ವಿಶ್ಲೇಷಣೆ ಒಬ್ಬರ ಆಳಕ್ಕೋ ಹಲವರ ಹೋಲಿಕೆಗೋ. ಇವು ಗಟ್ಟಿಯಾಗಿದ್ದಷ್ಟೂ ಕಡಿಮೆ ಜನ ಸಾಕು. ಕೇಸ್ ಸ್ಟಡಿಗೆ ನನಗೆ ಇದೇ ಹೆಚ್ಚು ಒಪ್ಪಿಗೆ. ಆದರೂ ಲೆಕ್ಕದ ಪುಸ್ತಕ ಬಿಡಬೇಡಿ, ಕೇಳಿದಾಗ ತೋರಿಸಲು ಏನಾದರೂ ಇರಬೇಕು. 2020ರಲ್ಲಿ ಬಂದ ಒಂದು ವಿಧಾನವನ್ನು ನಾನು ಸರಳ ಮಾಡಿಕೊಂಡು ಬಳಸುವುದು ಹೀಗೆ.

ಮೊದಲ ನಾಲ್ಕು ಸಂದರ್ಶನದಲ್ಲಿ 32 ಬೇರೆ ಬೇರೆ ಕೋಡ್ ಬಂದವು ಅಂದುಕೊಳ್ಳಿ. ಅದು ಅಡಿಪಾಯ. ಆಮೇಲೆ ಎರಡೆರಡು ಸಂದರ್ಶನಕ್ಕೆ ಹೊಸದೆಷ್ಟು ಅಂತ ಬರೆಯುತ್ತಾ ಹೋಗಿ.

- 5, 6: ಹೊಸದು 6, ಅಂದರೆ ಶೇ. 19
- 7, 8: ಹೊಸದು 3, ಶೇ. 9
- 9, 10: ಹೊಸದು 1, ಶೇ. 3

ಶೇ. 5ಕ್ಕಿಂತ ಕೆಳಗೆ ಬಂತು. ಇಲ್ಲೇ ಹಲವರು ಪೆನ್ ಮುಚ್ಚುತ್ತಾರೆ. ನೀವು ಮುಚ್ಚಬೇಡಿ. ಈ ಹತ್ತೂ ಜನ ಊರ ನಡುವಿನವರೇ ಆಗಿದ್ದರೆ? ಕೇರಿಗೆ ಹೋಗಿ.

- 11, 12: ಹೊಸದು 7, ಶೇ. 22
- 13, 14: ಹೊಸದು 3, ಶೇ. 9
- 15, 16: ಹೊಸದು 1, ಶೇ. 3

ಹತ್ತಕ್ಕೆ ಮುಗಿದದ್ದು ಒಂದು ಗುಂಪಿನ ಮಾತು, ಕೇಸ್ ಅಲ್ಲ. ಈ ಲೆಕ್ಕವನ್ನು ಗುಂಪುಗುಂಪಾಗಿ ಮಾಡಬೇಕು ಅನ್ನುವುದು ಅದಕ್ಕೇ.

ಲೆಕ್ಕ ಕೆಳಗಿಳಿದ ಮೇಲೂ ನಾನು ಇನ್ನಷ್ಟು ಪರೀಕ್ಷೆ ಮಾಡುತ್ತೇನೆ. ಮೊದಲನೆಯದು ಖಾಲಿ ಚೌಕಗಳ ಚಾರ್ಟ್. ಎಡಗಡೆ ನಿಮ್ಮ ಸಣ್ಣ ಪ್ರಶ್ನೆಗಳು, ಮೇಲ್ಗಡೆ ಸಂದರ್ಶನ, ಕಣ್ಣಾರೆ ಕಂಡದ್ದು, ಕಾಗದ. "ಮುಂಗಡ" ಅನ್ನುವ ಸಾಲಿನಲ್ಲಿ ಸಂದರ್ಶನದ ಚೌಕ ಮಾತ್ರ ತುಂಬಿ ಉಳಿದದ್ದು ಖಾಲಿ ಇದ್ದರೆ, ಇನ್ನೂ ಇಪ್ಪತ್ತು ಜನರನ್ನು ಮಾತಾಡಿಸಿದರೂ ಸಾಲದು. ಬೇಕಾದದ್ದು ಖಾಸಗಿ ಹಾಲಿನವರ ಲೆಕ್ಕದ ಚೀಟಿ.

ಎರಡನೆಯದು ನನಗೆ ತುಂಬ ಇಷ್ಟದ್ದು. ಮನೆಯೊಳಗೆ ಕಾಲಿಡುವ ಮುಂಚೆ, ಇವರು ಏನು ಹೇಳಬಹುದು ಅಂತ ಮೂರು ಸಾಲು ಬರೆದುಕೊಳ್ಳಿ. ರಾತ್ರಿ ತಾಳೆ ನೋಡಿ. ಬೇರೆ ಬೇರೆ ಥರದ ಮನೆಗಳಲ್ಲೂ ಊಹೆ ಸರಿಯಾಗುತ್ತಾ ಬಂದರೆ ಕೇಸ್ ನಿಮಗೆ ಅರ್ಥವಾಗುತ್ತಿದೆ. ಊಹೆ ತಪ್ಪಿದ ದಿನ ಬೇಜಾರು ಮಾಡಿಕೊಳ್ಳಬೇಡಿ, ಕೆಲಸ ಬಾಕಿ ಇದೆ ಅಷ್ಟೇ.

ಆಮೇಲೆ ಎದುರು ಉದಾಹರಣೆ ಹುಡುಕಿ. ಮುಂಗಡ ತೆಗೆದುಕೊಂಡವರು ಡೇರಿ ಬಿಡುತ್ತಾರೆ ಅನ್ನುವುದು ನಿಮ್ಮ ವಾದ ಅಂದುಕೊಳ್ಳಿ. ಹಾಗಾದರೆ ಮುಂಗಡ ತೆಗೆದುಕೊಂಡೂ ಡೇರಿ ಬಿಡದ ಮನೆ ಯಾವುದು? ಇರಲೇಬೇಕು. ಅವರನ್ನು ಮಾತಾಡಿಸುವವರೆಗೆ "ಸಾಕು" ಅನ್ನುವ ಹಕ್ಕು ನಿಮಗಿಲ್ಲ.

ಕಾಲವನ್ನೂ ನೋಡಿ. ಬೇಸಿಗೆಯಲ್ಲಿ ಹಸಿ ಮೇವಿಲ್ಲ, ಹಾಲು ಇಳಿಯುತ್ತದೆ. ಮಳೆಗಾಲದ ಮಾತೇ ಬೇರೆ. ಸಂಘದ ವಾರ್ಷಿಕ ಮಹಾಸಭೆಯ ದಿನ, ವರ್ಷವಿಡೀ ಬಾಯಿಬಿಡದವರೂ ಎದ್ದು ನಿಂತು ಮಾತಾಡುತ್ತಾರೆ. ಬರೀ ಜೂನ್ ತಿಂಗಳಲ್ಲಿ ಮೂವತ್ತು ಸಂದರ್ಶನ ಮಾಡಿದರೆ ನಿಮ್ಮ ಹತ್ತಿರ ಇರುವುದು ಜೂನ್ ತಿಂಗಳು.

ರಜೆ, ದುಡ್ಡು ಮುಗಿದು ನಿಲ್ಲಿಸಬೇಕಾಗಿ ಬಂದರೆ? ಎಲ್ಲರಿಗೂ ಆಗುವುದೇ. ಅದಕ್ಕೆ ಸ್ಯಾಚುರೇಶನ್ ಅಂತ ಅಂಗಿ ತೊಡಿಸಬೇಡಿ. ಸಮಯ ಮುಗಿಯಿತು ಅಂತಲೇ ಬರೆಯಿರಿ, ಹೇಳುವ ಮಾತನ್ನು ಅಷ್ಟಕ್ಕೇ ಕಿರಿದು ಮಾಡಿ. ಕೇರಿಗೆ ಹೋಗಲು ಆಗಲಿಲ್ಲವಾ, ಕೇಸಿನ ಗಡಿಯಿಂದ ಅದನ್ನು ಹೊರಗಿಟ್ಟು, ಹೊರಗಿಟ್ಟಿದ್ದೇನೆ ಅಂತ ಹೇಳಿ.

## ಹೆಜ್ಜೆ 9: ಬರೆಯುವಾಗ

ಹೆಸರು ಬದಲಿಸಿದರೆ ಗುರುತು ಅಡಗುತ್ತದೆ ಅಂದುಕೊಳ್ಳಬೇಡಿ. ಒಂದು ಸಂಘಕ್ಕೆ ಸೆಕ್ರೆಟರಿ ಒಬ್ಬರೇ. ಅವರ ಮಾತು ಯಾವುದು ಅಂತ ಊರಿಗೆಲ್ಲ ಗೊತ್ತಾಗುತ್ತದೆ. ಅಂಥ ಮಾತುಗಳನ್ನು "ಸಂಘದ ಸಿಬ್ಬಂದಿಯೊಬ್ಬರು" ಅಂತ ಸಡಿಲ ಮಾಡಿ. ಆಗಲೂ ಸಂದೇಹ ಇದ್ದರೆ ಬಿಟ್ಟುಬಿಡಿ.

ವಿಧಾನದ ಅಧ್ಯಾಯದಲ್ಲಿ ಸಾಕಾದ ಬಗ್ಗೆ ಒಂದು ಪ್ಯಾರಾ ಬೇಕು. ನಮ್ಮ ಉದಾಹರಣೆಗೆ ಅದು ಹೀಗಿರಬಹುದು:

"ಈ ಅಧ್ಯಯನದಲ್ಲಿ 18 ಜನರನ್ನು ಸಂದರ್ಶಿಸಲಾಗಿದೆ. ಊರ ನಡುವಿನ ಮನೆಗಳಲ್ಲಿ ಹತ್ತನೆಯ ಸಂದರ್ಶನದ ಹೊತ್ತಿಗೂ, ಕೇರಿಯಲ್ಲಿ ಆರನೆಯದರ ಹೊತ್ತಿಗೂ ಹೊಸ ಕೋಡ್‌ಗಳು ಶೇ. 5ಕ್ಕಿಂತ ಕಡಿಮೆಯಾದವು. ನಂತರ ಮುಂಗಡ ಪಡೆದೂ ಡೇರಿ ಬಿಡದ ಎರಡು ಮನೆಗಳನ್ನು ಉದ್ದೇಶಪೂರ್ವಕವಾಗಿ ಹುಡುಕಿ ಮಾತಾಡಿಸಲಾಯಿತು. ಇದರಿಂದ ಮುಂಗಡದ ಬಗೆಗಿನ ವಿವರಣೆಯನ್ನು ತಿದ್ದಬೇಕಾಯಿತು. ಬೇಸಿಗೆ ಮತ್ತು ಮಳೆಗಾಲದಲ್ಲಿ ಡೇರಿಯ ಕೆಲಸವನ್ನು ಗಮನಿಸಲಾಗಿದೆ. ಖಾಸಗಿ ಖರೀದಿದಾರರ ಲೆಕ್ಕದ ದಾಖಲೆ ಸಿಗಲಿಲ್ಲ. ಆದ್ದರಿಂದ ಮುಂಗಡದ ಮೊತ್ತದ ಬಗ್ಗೆ ಯಾವ ತೀರ್ಮಾನವನ್ನೂ ಕೊಟ್ಟಿಲ್ಲ."

ಕೋಡ್ ಲೆಕ್ಕದ ಪುಟವನ್ನು ಅನುಬಂಧಕ್ಕೆ ಹಾಕಿ. ವೈವಾಕ್ಕೆ ಹೋಗುವಾಗ ಮೂಲ ನೋಟ್‌ಬುಕ್ಕನ್ನೇ ಬ್ಯಾಗಿನಲ್ಲಿ ಇಟ್ಟುಕೊಳ್ಳಿ. ಪುಟದ ತುದಿಗೆ ಮೊದಲೇ ಚೀಟಿ ಅಂಟಿಸಿರಿ, ಅಲ್ಲಿ ಕೂತು ಹುಡುಕುವ ಹಾಗಾಗಬಾರದು.